ಬೆನ್ನ ಮೇಲಿನ ಹಿಮದ ಲೆಕ್ಕ

ಟಗ್ ಹಿಲ್, ನ್ಯೂಯಾರ್ಕ್ ರಾಜ್ಯ
ಮಂಗಳವಾರ, ಫೆಬ್ರವರಿ 11, 1986
ಬೆಳಗಿನ ಏಳರ ಅಳತೆ ಮುಗಿಸಿ ಕೂತು

ಪ್ರೀತಿಯ ಮಗ ಕ್ಲೇಟನ್‌ಗೆ,

ಹೇಗಿದ್ದೀಯಪ್ಪಾ? ಮೊದಲು ನಿನ್ನ ಹಲ್ಲಿನ ಸಮಾಚಾರ ಹೇಳು. ಫೋನಿನಲ್ಲಿ ಒಂದೇ ದವಡೆಯಲ್ಲಿ ಮಾತಾಡುತ್ತಿದ್ದೆ, ನನಗೆ ತಿಳಿಯಲಿಲ್ಲ ಅಂದುಕೊಂಡೆಯಾ? ಹಡಗಿನಲ್ಲಿ ಇಪ್ಪತ್ತೆಂಟು ಜನಕ್ಕೆ ಬೇಯಿಸಿ ಹಾಕುವವನಿಗೆ ತನ್ನ ಹಲ್ಲಿಗೊಂದು ಲವಂಗ ಒತ್ತಿಕೊಳ್ಳಲು ಪುರುಸೊತ್ತಿಲ್ಲ. ವಾಲ್ಪರೈಸೊದಲ್ಲಿ ಹಡಗು ನಿಂತಿರುವಾಗಲೇ ಯಾರಾದರೂ ಡಾಕ್ಟರಿಗೆ ತೋರಿಸಿ ಕೀಳಿಸಿಬಿಡು. ನಾನು ಚೆನ್ನಾಗಿದ್ದೇನೆ. ಮಂಡಿ ನೋವು ಮೊದಲಿನಷ್ಟೇ ಇದೆ. ಊಟ ಸೇರುತ್ತಿದೆ, ನಿದ್ದೆಯೂ ಬರುತ್ತಿದೆ, ಅದೇ ಆಶ್ಚರ್ಯ. ನಿಮ್ಮಪ್ಪ ಹೋಗಿ ಇವತ್ತಿಗೆ ಒಂಬತ್ತು ದಿನ. ನಾನು ಇನ್ನೂ ಅತ್ತಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಕೊಡುತ್ತಾರಲ್ಲ, ಕೆನ್ನೆ ಮುಟ್ಟಿದರೆ ಬೇರೆಯವರ ಕೆನ್ನೆ ಮುಟ್ಟಿದ ಹಾಗಿರುತ್ತದೆ. ನನಗೆ ಮೈಯೆಲ್ಲ ಹಾಗಾಗಿದೆ.

ನಿನ್ನೆ ಫೋನಿನಲ್ಲಿ ನೀನೊಂದು ಮಾತು ಕೇಳಿದೆ. "ಅಮ್ಮಾ, ಅಪ್ಪ ಎಷ್ಟು ಹೊತ್ತು ನರಳಿದ್ರು? ಕೂಗಿರ್ಲಿಲ್ಲ ತಾನೇ?" ಅಂದೆ. ನಾನು "ಗೊತ್ತಿಲ್ಲಪ್ಪ" ಅಂದೆ. ಅಷ್ಟರಲ್ಲಿ ಲೈನು ಹೋಯಿತು. ಹೋದದ್ದೇ ಒಳ್ಳೆಯದಾಯಿತು, ಏಕೆಂದರೆ ಗೊತ್ತಿಲ್ಲ ಅಂದದ್ದು ಪೂರ್ತಿ ನಿಜವಲ್ಲ. ಗೊತ್ತು ಮಾಡಿಕೊಳ್ಳುವ ದಾರಿ ಹಿಂದಿನ ವರಾಂಡದಲ್ಲಿ ಒಂದು ತಟ್ಟೆ ಮುಚ್ಚಿಕೊಂಡು ಕೂತಿತ್ತು. ಒಂಬತ್ತು ದಿನದಿಂದ ಅದರ ಪಕ್ಕದಲ್ಲೇ ಓಡಾಡಿಕೊಂಡಿದ್ದೆ, ಮುಟ್ಟಲು ಧೈರ್ಯ ಬಂದಿರಲಿಲ್ಲ. ಇವತ್ತು ಮುಟ್ಟಿದೆ. ಅದನ್ನು ಹೇಳಲೆಂದೇ ಈ ಕಾಗದ. ಆದರೆ ಮೊದಲಿನಿಂದ ಹೇಳದಿದ್ದರೆ ನನಗೇ ತಲೆ ಬುಡ ತಿಳಿಯುವುದಿಲ್ಲ.

ಸರೋವರದ ಮೋಡ ಶುಕ್ರವಾರ ಸಂಜೆಯೇ ನಮ್ಮ ತಲೆಯ ಮೇಲೆ ಬಂದು ಕೂತಿತು. ಹತ್ತು ಮೈಲಿ ದಕ್ಷಿಣಕ್ಕೆ ಬಿಸಿಲಂತೆ, ಅಲ್ಲಿನವರು ಬಟ್ಟೆ ಒಣಹಾಕಿದ್ದರಂತೆ. ನಮ್ಮಲ್ಲಿ ಗಂಟೆಗೆ ಮೂರು ಇಂಚು. ಶನಿವಾರ ಮಧ್ಯಾಹ್ನದ ಹೊತ್ತಿಗೆ ಅಡುಗೆಮನೆ ಕಿಟಕಿ ಮುಚ್ಚಿಹೋಯಿತು, ನಿಮ್ಮಪ್ಪ ಅಂಚೆ ಡಬ್ಬಿಯ ಕಂಬಕ್ಕೆ ಇನ್ನೊಂದು ಕೋಲು ಕಟ್ಟಿ ಕೆಂಪು ಬಟ್ಟೆ ಏರಿಸಿದರು. ಡೀಲಾಸ್ ತನ್ನ ಹಿಮದ ಗಾಡಿ ಹತ್ತಿ ಬಂದ. ಪಕ್ಕದ ಮನೆಯವನಾಗಿ ನಲವತ್ತು ವರ್ಷ ನಮ್ಮ ಕಾಫಿ ಕುಡಿದಿದ್ದಾನೆ, ಬಂದ ತಕ್ಷಣ ಕೇಳುವುದು ಒಂದೇ: "ಎಷ್ಟಾಯ್ತೋ ಆರಿನ್?" ಹಿಮ ಬೀಳಲೆಂದು ಅಂಗಳದಲ್ಲಿ ಇಟ್ಟ ಬಿಳಿ ಹಲಗೆಯನ್ನು ನಿಮ್ಮಪ್ಪ ಆರು ಗಂಟೆಗೊಮ್ಮೆ ಮಾತ್ರ ಅಳೆದು ಗುಡಿಸುತ್ತಾರೆಂಬುದು ಅವನಿಗೆ ಬಹಳ ಕಾಲದ ಸಂಕಟ. ಹಿಮ ಬಿದ್ದಲ್ಲೇ ಕುಸಿಯುತ್ತದಲ್ಲ, ಗಂಟೆಗೊಮ್ಮೆ ಗುಡಿಸಿ ಅಳೆದು ಕೂಡಿಸಿದರೆ ಮೊತ್ತ ಉಬ್ಬುತ್ತದೆ. "ಲೋ ಮಾರಾಯ, ಗಂಟೆಗೊಂದ್ಸಲ ಅಳಿಯೋ. ದಾಖಲೆ ನಮ್ಮೂರಿಗೇ ಬರುತ್ತೆ, ಪೇಪರ್‌ನೋರು ಫೋಟೋ ತೆಗೀತಾರೆ" ಅಂದ. ನಿಮ್ಮಪ್ಪ ಚೀಸ್ ಕತ್ತರಿಸುತ್ತಿದ್ದವರು ತಲೆಯನ್ನೂ ಎತ್ತದೆ, "ನಿನ್ನ ಹೊಟ್ಟೆನ ಗಂಟೆಗೊಂದ್ಸಲ ಅಳೆದು ಕೂಡ್ಸು, ಅದೂ ದಾಖಲೆ ಆಗುತ್ತೆ" ಅಂದರು. ನಾನು ನಕ್ಕೆ. ನಾನು ಕೊನೆಯದಾಗಿ ನಕ್ಕದ್ದು ಅದೇ ಇರಬೇಕು.

ಡೀಲಾಸ್‌ಗೆ ಆಳ ಬೇಕು, ನಿಮ್ಮಪ್ಪನಿಗೆ ನೀರು ಬೇಕು. ನಿನಗೂ ಚಿಕ್ಕಂದಿನಿಂದ ಅದೇ ಪಾಠ ಹೇಳಿದ್ದಾರೆ. "ಆಳ ನೋಡಿ ಹೆದರ್ಬೇಡ ಕಣೋ. ಗಾಳಿ ಬಂದ್ರೆ ಕುಗ್ಗುತ್ತೆ, ಬಿಸಿಲು ಬಂದ್ರೆ ಕುಗ್ಗುತ್ತೆ. ನೀರು ಮಾತ್ರ ಬಿದ್ದಷ್ಟೇ ಇರುತ್ತೆ." ಸೂರು ಮುರಿಯುವುದೂ ಆ ನೀರಿನ ಭಾರಕ್ಕೇ ತಾನೆ. ಮಳೆ ಅಳೆಯುವ ಡಬ್ಬಿಯನ್ನು ಬೋರಲಾಗಿ ಹಲಗೆಯ ಮೇಲಿನ ಹಿಮಕ್ಕೆ ಒತ್ತಿ, ಕೆಳಗೆ ತಗಡು ತೂರಿಸಿ, ಒಳಗೆ ತಂದು ಕರಗಿಸಿ, ಕೊಳವೆಗೆ ಸುರಿದು ಕಡ್ಡಿ ಇಳಿಸಿ ನೋಡುತ್ತಿದ್ದರು. ಮೂವತ್ತೆರಡು ವರ್ಷ, ದಿನಕ್ಕೆ ನಾಲ್ಕು ಸಲ, ಹವಾಮಾನ ಕಚೇರಿಯ ಸಂಬಳವಿಲ್ಲದ ನೌಕರ. ನೀನು ಹುಟ್ಟಿದ ದಿನವೂ ಏಳರ ಅಳತೆ ಮುಗಿಸಿಯೇ ಆಸ್ಪತ್ರೆಗೆ ಬಂದರು. ಅದಕ್ಕಾಗಿ ನಾನು ಅವರನ್ನು ಹತ್ತು ವರ್ಷ ಚುಚ್ಚಿದ್ದೇನೆ.

ಭಾನುವಾರ ಮಧ್ಯಾಹ್ನ ಒಂದಕ್ಕೆ ಅಳತೆಗೋಲು ಹಿಡಿದು ಹೊರಟರು. ಬಾಗಿಲಲ್ಲಿ ನಿಂತು, "ಐಡಾ, ಅಳೆದ್ಬಿಟ್ಟು ಹಾಗೇ ಡೀಲಾಸನ ಕೊಟ್ಟಿಗೆ ಸೂರು ನೋಡ್ಕೊಂಡು ಬರ್ತೀನಿ. ಅದು ನೆಲ ಕಚ್ಚೋ ಹಾಗಿದೆ" ಅಂದರು. ನಾನು "ಟೋಪಿ ಕಿವಿ ಮುಚ್ಚೋ ಹಾಗೆ ಹಾಕ್ಕೊಳಿ" ಅಂದೆ. ನಾವಿಬ್ಬರೂ ಆಡಿದ ಕೊನೆಯ ಮಾತು ಒಂದು ಸೂರು, ಒಂದು ಟೋಪಿ. ಆಮೇಲೆ ನಾನು ಬಟ್ಟೆ ಒಗೆಯುವ ಮಷಿನ್ ಹಾಕಿದೆ. ಹಿಂದಿನ ಕೋಣೆಯ ಆ ಹಳೇ ಮಷಿನ್ ನಿನಗೆ ಗೊತ್ತಲ್ಲ, ಶುರುವಾದರೆ ಮನೆಯೇ ನಡುಗುತ್ತದೆ. ಮೂರು ಸಲ ಹಾಕಿದೆ. ಮೂರು ಗಂಟೆಗೆ ಡೀಲಾಸ್ ಅವರಿಗೆ ಊಟ ಹಾಕಿರಬೇಕು ಅಂದುಕೊಂಡೆ. ನಾಲ್ಕಕ್ಕೆ ಸ್ವಲ್ಪ ಸಿಟ್ಟು ಬಂತು. ಬೂಟು ಹಾಕಿಕೊಂಡು ಹೊರಗೆ ಹೋದೆ.

ಅವರು ಬೋರಲಾಗಿ ಬಿದ್ದಿದ್ದರು, ಅಳತೆಗೋಲು ಕೈಯಲ್ಲೇ ಇತ್ತು. ಹಿಮದ ಮೇಲೆ ಟೋಪಿಯ ಕೆಂಪು ಒಂದಿಷ್ಟು ಕಾಣದಿದ್ದರೆ ನಾನು ಅವರನ್ನು ತುಳಿದುಕೊಂಡೇ ಹೋಗುತ್ತಿದ್ದೆ. ಕೊರಳಿಗೆ ಕೈ ತೂರಿಸಿ ನೋಡಿದೆ. ತಣ್ಣಗಿತ್ತು, ದವಡೆ ಆಗಲೇ ಬಿಗಿದಿತ್ತು. ನಲವತ್ತೊಂದು ವರ್ಷ ಸಂಸಾರ ಮಾಡಿದವಳು ಅಲ್ಲಿ ಏನು ಮಾಡಬೇಕು? ಕಿರುಚಬೇಕು, ಮೇಲೆ ಬಿದ್ದು ಗೋಳಾಡಬೇಕು, ಡೀಲಾಸ್‌ನ ಮನೆಗೆ ಓಡಬೇಕು. ನಾನು ಏನು ಮಾಡಿದೆ ಗೊತ್ತಾ? ಹಲಗೆಯ ಹತ್ತಿರ ಹೋಗಿ ಅಳೆದೆ. ಒಂದರ ಹೊತ್ತಿಗೆ ಅವರು ಗುಡಿಸಿಟ್ಟಿದ್ದ ಹಲಗೆಯ ಮೇಲೆ ಒಂಬತ್ತು ಇಂಚು ಹೊಸ ಹಿಮ ಬಿದ್ದಿತ್ತು. ಡಬ್ಬಿ ಒತ್ತಿ ಒಳಗೆ ತಂದು ಪಾತ್ರೆಗೆ ಸುರಿದೆ. ಮತ್ತೆ ಅದೇ ಡಬ್ಬಿ ಹಿಡಿದು ಹೊರಗೆ ಹೋಗಿ ನಿಮ್ಮಪ್ಪನ ಬೆನ್ನಿನ ಮೇಲೆ, ಎರಡು ಹೆಗಲಿನ ನಡುವೆ ಬೋರಲು ಹಾಕಿ ಒತ್ತಿದೆ. ಮೇಣ ಹಚ್ಚಿದ ಕ್ಯಾನ್ವಾಸ್ ಕೋಟು, ನೀರು ಹೀರುವುದಿಲ್ಲ. ಮೈಯ ಬಿಸಿಗೆ ತಳದಲ್ಲಿ ಕರಗಿ ಮತ್ತೆ ಹೆಪ್ಪುಗಟ್ಟಿದ್ದನ್ನೂ ತಗಡಿನಿಂದ ಕೆರೆದು ತೆಗೆದುಕೊಂಡೆ. ಯಾಕೆ ಮಾಡಿದೆ ಅಂತ ಕೇಳಬೇಡ. ಕೈ ಮಾಡುತ್ತಿತ್ತು, ನಾನು ನೋಡುತ್ತಿದ್ದೆ. ಆಮೇಲೆ ಫೋನ್ ಮಾಡಿದೆ.

ರಸ್ತೆ ತೆರೆದು ಆಂಬುಲೆನ್ಸ್ ಬರುವಷ್ಟರಲ್ಲಿ ಸೋಮವಾರ ಬೆಳಿಗ್ಗೆ ಹತ್ತು ಗಂಟೆ. ಡಾಕ್ಟರು ಹೃದಯಾಘಾತವೇ ಅಂದರು. ಡೀಲಾಸ್ ಅಡುಗೆಮನೆಯಲ್ಲಿ ಕೂತು ಮಗುವಿನ ಹಾಗೆ ಅತ್ತ. "ನನ್ನ ಹಾಳು ಕೊಟ್ಟಿಗೆ ಬಿದ್ದೋಗ್ಲಿ ಐಡಾ, ಅವ್ನು ನಮ್ಮನೆ ಕಡೆ ಬರ್ಲೇ ಇಲ್ಲ" ಅಂತ ಮತ್ತೆ ಮತ್ತೆ ಹೇಳಿದ. ನಾನೇ ಅವನಿಗೆ ಸಮಾಧಾನ ಹೇಳಿದೆ. ನಿಮ್ಮಪ್ಪನನ್ನು ಈಗ ಸ್ಮಶಾನದ ಕಲ್ಲುಮನೆಯಲ್ಲಿ ಇಟ್ಟಿದ್ದಾರೆ, ಈ ಸಲ ಅವರ ಜೊತೆ ಇನ್ನೂ ನಾಲ್ವರು ಇದ್ದಾರೆ. ನೆಲ ಕರಗಿದ ಮೇಲೆ, ಮೇ ತಿಂಗಳಲ್ಲಿ ಮಣ್ಣು. ಅಷ್ಟರಲ್ಲಿ ನೀನು ಬರುತ್ತೀಯ, ಅದಕ್ಕೇ ಸಾವಿನ ಸುದ್ದಿಗೆ ಓಡಿ ಬರಬೇಡ ಅಂದದ್ದು. ಮನೆ ತುಂಬ ಊರವರು ತಂದ ಊಟ. ಹನ್ನೊಂದು ಪಾತ್ರೆ ಮ್ಯಾಕರೋನಿ, ಒಂದರಲ್ಲೂ ಉಪ್ಪು ಸರಿಯಿಲ್ಲ. ಭಾನುವಾರ ಸಂಜೆ ಏಳರ ಅಳತೆಯನ್ನೂ ನಾನು ಬಿಡಲಿಲ್ಲ. ಹವಾಮಾನ ಕಚೇರಿಯ ಬರ್ನೀಸ್ ಫೋನಿನಲ್ಲಿ ಅಂಕಿ ಬರೆದುಕೊಂಡು, "ಇವತ್ತೇನು ಐಡೆಲ್ಲಾ ಅವ್ರೇ, ಸಾಹೇಬ್ರು ನಿಮಗೆ ಡ್ಯೂಟಿ ಹಚ್ಚಿದ್ದಾರಾ?" ಅಂದಳು. ಹೌದಮ್ಮಾ ಅಂದೆ. ಅವಳಿಗೆ ವಿಷಯ ತಿಳಿದದ್ದು ಮರುದಿನ. ಪಾಪ, ಇನ್ನೂ ಕ್ಷಮೆ ಕೇಳುತ್ತಲೇ ಇದ್ದಾಳೆ.

ಹಲಗೆಯ ಹಿಮವನ್ನು ಅವತ್ತೇ ಕರಗಿಸಿದ್ದೆ. ಒಂಬತ್ತು ಇಂಚಿಗೆ ನೀರು ಸಿಕ್ಕಿದ್ದು ಇಂಚಿನ ನೂರರಲ್ಲಿ ಮೂವತ್ತು ಪಾಲು, ಹತ್ತಿಯಂಥ ಹಿಮ. ಬೆನ್ನಿನ ಮೇಲಿನದನ್ನು ಡಬ್ಬಿಯಲ್ಲೇ ಬಿಟ್ಟು, ತಟ್ಟೆ ಮುಚ್ಚಿ ವರಾಂಡದಲ್ಲಿ ಇಟ್ಟಿದ್ದೆ, ದಿನದ ಅಳತೆಗೆ ಅಟ್ಟದ ಮೇಲಿದ್ದ ಹಳೇ ಡಬ್ಬಿ ಇಳಿಸಿಕೊಂಡೆ. ಅಲ್ಲಿ ಇಷ್ಟು ದಿನದಲ್ಲಿ ಒಂದು ಹನಿಯೂ ಕರಗುವ ಚಳಿಯಲ್ಲ. ಲೆಕ್ಕ ಸುಲಭ, ನಿನಗೂ ಬರುತ್ತದೆ. ಹಲಗೆ ಗುಡಿಸಿದ ಕೂಡಲೇ ಅವರು ಬಿದ್ದು ಅಲುಗಾಡದೆ ಇದ್ದಿದ್ದರೆ, ಹಲಗೆಯ ಮೇಲೆ ಬಿದ್ದಷ್ಟೇ ಹಿಮ ಬೆನ್ನಿನ ಮೇಲೂ ಬಿದ್ದಿರಬೇಕು, ಎರಡರ ನೀರೂ ಸಮ ಇರಬೇಕು. ಕೂತಿದ್ದರೆ, ತೆವಳಿದ್ದರೆ, ಏಳಲು ನೋಡಿದ್ದರೆ ಬೆನ್ನಿನ ಹಿಮ ಉದುರಿಹೋಗಿ ನೀರು ಕಡಿಮೆ ಬರಬೇಕು. ಎಷ್ಟು ಕಡಿಮೆಯೋ ಅಷ್ಟು ಹೊತ್ತು ಅವರು ಜೀವ ಹಿಡಿದುಕೊಂಡು ಒದ್ದಾಡಿದ್ದರು ಅಂತ. ಇದನ್ನು ತಿಳಿದುಕೊಳ್ಳುವ ಧೈರ್ಯವೇ ನನಗೆ ಇರಲಿಲ್ಲ. ನೀನು ಕೇಳಿದ ಮೇಲೆ ಇನ್ನು ಅದನ್ನು ಅಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ.

ಇವತ್ತು ಬೆಳಿಗ್ಗೆ ಒಳಗೆ ತಂದು ಕರಗಿಸಿದೆ. ಕೊಳವೆಗೆ ಸುರಿದು ಕಡ್ಡಿ ಇಳಿಸಿದೆ. ಕಿಟಕಿ ಬೆಳಕಿಗೆ ಹಿಡಿದು ಎರಡು ಸಲ ನೋಡಿದೆ. ಮೂವತ್ತೊಂದು, ಕ್ಲೇಟನ್. ಹಲಗೆಯದು ಮೂವತ್ತು, ಬೆನ್ನಿನದು ಮೂವತ್ತೊಂದು. ಅಂದರೆ ನಿಮ್ಮಪ್ಪ ಹಲಗೆ ಗುಡಿಸಿದರು, ಬಿದ್ದರು, ಮುಗಿಯಿತು. ನರಳಲಿಲ್ಲ. ಕೂಗಲಿಲ್ಲ. ನಾನು ಒಳಗಿದ್ದು ಕೇಳಿಸಿಕೊಳ್ಳದೆ ಹೋದೆ ಅನ್ನುವಂಥದ್ದು ಏನೂ ಆಗಲಿಲ್ಲ. ಇದನ್ನು ಬರೆಯುವಾಗ ಎದೆಯಲ್ಲಿ ಏನೋ ಸಡಿಲವಾದ ಹಾಗಿದೆ. ಅಳು ಬರಬಹುದೇನೋ ಅಂತ ಸ್ವಲ್ಪ ಹೊತ್ತು ಪೆನ್ನು ಇಟ್ಟು ಕೂತೆ. ಬರಲಿಲ್ಲ, ಆದರೆ ಹತ್ತಿರ ಬಂದಿತ್ತು. ನೀನೂ ನೆಮ್ಮದಿಯಾಗಿರು, ರಾತ್ರಿ ಎದ್ದು ಕೂತು ಅದನ್ನೇ ಯೋಚಿಸಬೇಡ.

ಹನ್ನೊಂದಕ್ಕೆ ಡೀಲಾಸ್ ಅಂಚೆಗೆ ಹೋಗುತ್ತಾನೆ, ಅವನ ಕೈಲಿ ಇದನ್ನು ಕೊಡುತ್ತೇನೆ. ಉಣ್ಣೆಯ ಕಾಲುಚೀಲ ಎರಡು ಜೊತೆ ಬೇರೆ ಕಟ್ಟಿನಲ್ಲಿ ಕಳಿಸಿದ್ದೇನೆ, ಅಲ್ಲಿ ಬೇಸಿಗೆ ಅಂತ ಗೊತ್ತು, ಇರಲಿ. ಸಮುದ್ರ ನಿನ್ನ ಮೇಲೆ ಕರುಣೆ ಇಡಲಿ, ದೇವರು ನಿನ್ನನ್ನು ಮೇ ತಿಂಗಳಿಗೆ ಕ್ಷೇಮವಾಗಿ ಮನೆಗೆ ತಲುಪಿಸಲಿ.

ನಿನ್ನ ಅಮ್ಮ,
ಐಡೆಲ್ಲಾ

ಮ.ವಿ.: ಕವರು ಅಂಟಿಸಿದ್ದೆ, ಮತ್ತೆ ಬಿಡಿಸಿದ್ದೇನೆ. ಡೀಲಾಸ್ ಬಾಗಿಲಲ್ಲಿ ಗಾಡಿ ಆರಿಸದೆ ಕಾಯುತ್ತಿದ್ದಾನೆ. ಪಾತ್ರೆ ತೊಳೆಯಲು ಹೋದಾಗ ಒಲೆಯ ಪಕ್ಕ ಅಳತೆ ಲೋಟ ಕಂಡಿತು. ಹಿಮ ಬೇಗ ಕರಗಲೆಂದು ಬಿಸಿನೀರು ಅಳೆದು ಹಾಕುತ್ತೇವಲ್ಲ, ಹದಿನೈದು ಪಾಲು ಹಾಕಿದ್ದೆ. ಆಮೇಲೆ ಅದನ್ನು ಕಳೆಯಬೇಕು. ಭಾನುವಾರ ಹಲಗೆಯದರಲ್ಲಿ ಕಳೆದಿದ್ದೆ, ಪುಸ್ತಕದಲ್ಲಿ ಬರೆದೂ ಇದೆ. ಇವತ್ತು ಕಳೆಯಲಿಲ್ಲ. ಮೂವತ್ತೊಂದರಲ್ಲಿ ಹದಿನೈದು ಹೋದರೆ ಹದಿನಾರು. ಆ ಮೂರು ಗಂಟೆಯಲ್ಲಿ ಹತ್ತಿರ ಹತ್ತಿರ ಅರ್ಧ ಹೊತ್ತು ಅವರಿಗೆ ಜೀವ ಇತ್ತು. ಮೇಲಿನ ಪುಟ ಹರಿಯುವುದಿಲ್ಲ. ತಪ್ಪು ಅಂಕಿಯನ್ನು ನಿಮ್ಮಪ್ಪ ಯಾವತ್ತೂ ಅಳಿಸಿದವರಲ್ಲ, ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು ಬರೆಯುತ್ತಿದ್ದರು. ನೀನೇ ಅಲ್ಲೊಂದು ಗೆರೆ ಎಳೆದುಕೋ. ಇನ್ನೊಂದನ್ನು ನಿನಗೆ ಹೇಳಿರಲಿಲ್ಲ, ಯಾರಿಗೂ ಹೇಳಿಲ್ಲ. ಅವರು ಬಿದ್ದಿದ್ದದ್ದು ಹಲಗೆಯ ಹತ್ತಿರ ಅಲ್ಲ. ಹಲಗೆಯಿಂದ ಹದಿನೆಂಟು ಅಡಿ ಈಚೆಗೆ, ಮನೆಯ ಬಾಗಿಲ ಕಡೆಗೆ ಮುಖ ಮಾಡಿ. ಅವತ್ತು ಅದನ್ನೂ ಅಳೆದಿದ್ದೆ.