ಆರನೇ ಪುಟದ ಕತ್ತೆ

ಗುರುವಾರ, ಶಾಲೆ ಬಿಟ್ಟ ಮೇಲೆ

ನನ್ನ ಮುಂಗೋಪಿ ಚಿತ್ರಗಾರರಿಗೆ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಜಗಳ.

ಪ್ರಕಾಶಕರ ಲಕೋಟೆ ಬಂತು. ನಮ್ಮ ಕತ್ತೆಯ ಪುಸ್ತಕ ಮತ್ತೆ ಅಚ್ಚಾಗುತ್ತದಂತೆ, ಆದರೆ ಆರನೇ ಪುಟದ ಚಿತ್ರ ತಿದ್ದಿದರೆ ಮಾತ್ರ. ಜೊತೆಗೆ ನೀವು ಬರೆದುಕೊಟ್ಟ ಹೊಸ ಚಿತ್ರ. ಪಕ್ಕದ ಮನೆಯ ಪೈಜಾಮ ಕಚ್ಚಿಕೊಂಡು ಕತ್ತೆ ಗೋಡೆ ಹಾರುತ್ತಿದೆ, ಹಿಂದೆ ನೀಟಾಗಿ ಬಾಚಿದ ಬಾಲ. ಆಹಾ! ಮದುವೆಗೆ ಹೊರಟ ಹಾಗಿದೆ. ಶನಿವಾರದೊಳಗೆ ನನ್ನ ಒಪ್ಪಿಗೆಯ ಸಹಿ ಬೀಳದಿದ್ದರೆ ಪುಸ್ತಕವೇ ಇಲ್ಲವಂತೆ. ನಾನು ಹಾಕುವುದಿಲ್ಲ. ನಿಂತರೆ ನಿಲ್ಲಲಿ.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವಳು ಇವಳು ಎಂದು ನಿಮ್ಮ ಅಕ್ಕ ಈಗ ಹೇಳುತ್ತಿರುತ್ತಾರೆ. ಹೇಳಲಿ. ಮೊಲಕ್ಕೆ ಮೂರು ಕಾಲಿರಬಹುದಾದರೆ ನನ್ನ ಕತ್ತೆಗೆ ಒಂದು ಪುಟದಲ್ಲಿ ಬಾಲ ಇಲ್ಲದಿದ್ದರೆ ಯಾರ ಗಂಟು ಹೋಯಿತು?

ಎರಡು ವರ್ಷದ ಹಿಂದಿನದು ನಾನು ಮರೆತಿಲ್ಲ. ಐದನೇ ಪುಟದಲ್ಲಿ ಬಾಲವಿತ್ತು, ಏಳರಲ್ಲೂ ಇತ್ತು, ಆರರಲ್ಲಿ ಮಾತ್ರ ಬರೆಯಲು ಮರೆತಿದ್ದಿರಿ. ಪುಸ್ತಕ ಅಂಗಡಿಗೆ ಹೋದ ಮೇಲೆ ಗೊತ್ತಾಯಿತು. ಪ್ರಕಾಶಕರು ಎಲ್ಲರ ಎದುರಿಗೇ, ಮೊದಲು ಹೋಗಿ ಕಣ್ಣು ತೋರಿಸ್ಕೊಳ್ಳಿ ಸ್ವಾಮಿ, ಅಂದರು. ಪಕ್ಕದಲ್ಲೇ ಕೂತಿದ್ದ ನಾನು, ಅಕ್ಷರ ನೋಡುವವಳು ನಾನು, ಚಿತ್ರ ನೋಡುವವರು ಅವರು, ಅದು ನಮ್ಮ ಮನೆಯ ಕಾನೂನು ಅಂದೆ. ಅಂದಿನಿಂದ ನೀವು ಕುಂಚ ಮುಟ್ಟಲಿಲ್ಲ. ಕಣ್ಣು ಹೋಯಿತು, ಕೈ ಕೆಟ್ಟಿತು ಎನ್ನುತ್ತಾ ಅಕ್ಕನ ಮನೆ ಸೇರಿದಿರಿ. ನಿಮ್ಮ ಬಣ್ಣದ ಡಬ್ಬಿಗಳು ಕಿಟಕಿಯ ಹಲಗೆಯ ಮೇಲೇ ಇವೆ. ನೀಲಿ ಪೂರ್ತಿ ಒಣಗಿದೆ.

ಎರಡು ವರ್ಷದಲ್ಲಿ ನೀವು ಬರೆದ ಮೊದಲ ಗೆರೆ ಈ ಬಾಲ. ಅದಕ್ಕೇ ನನಗೆ ಇಷ್ಟು ಸಿಟ್ಟು.

ನನ್ನ ತರಗತಿಯಲ್ಲಿ ಆರನೇ ಪುಟ ಬಂದರೆ ಏನಾಗುತ್ತದೆ ಗೊತ್ತೇನ್ರೀ? ಓದು ನಿಲ್ಲುತ್ತದೆ. ನಾಲ್ಕು ವರ್ಷದ ಇಪ್ಪತ್ತು ಪುಟಾಣಿಗಳು ಎದ್ದು ಒಬ್ಬರ ಹಿಂದೆ ಒಬ್ಬರು ಬಾಲ ಹುಡುಕುತ್ತಾರೆ. ಬಾಲಕ್ಕೆ ಗೋಡೆ ಹಾರಲು ಭಯ, ಅದಕ್ಕೆ ಸುತ್ತು ಬಳಸಿ ಬರುತ್ತಿದೆ ಎಂದು ಒಬ್ಬ. ಪೈಜಾಮದ ಜೇಬಿನಲ್ಲಿದೆ ಎಂದು ಇನ್ನೊಬ್ಬ. ಏಳನೇ ಪುಟ ತಿರುವಿದಾಗ ಬಾಲ ಬಂತು ಎಂದು ಕೂಗುವ ಕೂಗಿಗೆ ಮುಖ್ಯೋಪಾಧ್ಯಾಯಿನಿ ಓಡಿ ಬರುತ್ತಾರೆ.

ಈ ವರ್ಷ ಒಬ್ಬಳು ಅಳುಬುರುಕಿ ಸೇರಿದ್ದಾಳೆ. ದಿನಾ ಹತ್ತು ಗಂಟೆಯವರೆಗೆ ಬಾಗಿಲು ಹಿಡಿದು ಅಳು. ಮೊನ್ನೆ ಅಳದೆ ನೇರ ನನ್ನ ಬಳಿ ಬಂದು ಮುಷ್ಟಿ ಬಿಚ್ಚಿದಳು. ಒಳಗೆ ಕಪ್ಪು ಷೂ ಲೇಸು. ಕತ್ತೆ ಬಾಲ ನಾನೇ ಎತ್ತಿಟ್ಟಿದ್ದೆ ಮಿಸ್, ಯಾರಿಗೂ ಹೇಳ್ಬೇಡಿ, ಅಂದಳು. ಒಂದು ಕಾಲಿನ ಷೂಗೆ ಲೇಸಿಲ್ಲದೆಯೇ ಇಡೀ ದಿನ ಓಡಾಡಿದಳು.

ಅಂಥವಳಿಗೆ ನಾನು ಬಾಚಿದ ಬಾಲ ತೋರಿಸಬೇಕೆ? ಸಾಧ್ಯವೇ ಇಲ್ಲ. ತಪ್ಪಿಲ್ಲದ ಕತ್ತೆಗಳು ಊರ ತುಂಬ ಇವೆ. ನನಗೆ ನಿಮ್ಮ ಕತ್ತೆಯೇ ಬೇಕು.

ಊಟ ಸರಿಯಾಗಿ ಮಾಡಿ. ಅಕ್ಕನಿಗೆ ನಮಸ್ಕಾರ ತಿಳಿಸಿ, ಮನಸ್ಸಿದ್ದರೆ.

ಇಂತಿ,
ಸಹಿ ಹಾಕದ
ನಿಮ್ಮ ಕಥೆಗಾರ್ತಿ

ತಾ.ಕ.: ಮೇಲೆ ಬರೆದ ಕಾನೂನು ಶುದ್ಧ ಸುಳ್ಳು. ಕರಡು ಅಚ್ಚು ನನ್ನ ಕೈಗೆ ಬಂದಾಗಲೇ ಬಾಲವಿಲ್ಲದ್ದನ್ನು ನೋಡಿದ್ದೆ. ತರಗತಿಗೆ ಒಯ್ದು ತೋರಿಸಿದೆ. ಮಕ್ಕಳು ಬಾಲ ಹುಡುಕಲು ಬೆಂಚಿನ ಕೆಳಗೆ ನುಗ್ಗಿದರು. ಹೀಗೇ ಇರಲಿ ಅನ್ನಿಸಿ, ನಿಮಗೆ ಹೇಳದೆ, ಸರಿಯಿದೆ ಎಂದು ಬರೆದು ಕಳಿಸಿದೆ. ಬೈಗುಳ ಬಿದ್ದಾಗ ಹೆದರಿ ನಿಮ್ಮ ತಲೆಗೆ ಕಟ್ಟಿದೆ. ನೀವು ಬಾಲ ಮರೆತದ್ದು ಒಂದೇ ಸಲ, ನಾನು ಬಾಯಿ ಮುಚ್ಚಿಕೊಂಡದ್ದು ಎರಡು ವರ್ಷ. ನಿಮ್ಮ ಕಣ್ಣಿಗೆ ಏನೂ ಆಗಿಲ್ಲ ರೀ. ಇದನ್ನೇ ಪ್ರಕಾಶಕರಿಗೂ ಇವತ್ತಿನ ಅಂಚೆಯಲ್ಲಿ ಬರೆದು ಹಾಕಿದ್ದೇನೆ. ಬೈಯಬೇಕಾದರೆ ಬಂದು ಬೈಯಿರಿ.

ಲಕೋಟೆಯಲ್ಲಿರುವ ಲೇಸು ಅಳುಬುರುಕಿಯದು. ಚಿತ್ರ ಬರೆದವರೇ ಸೋಮವಾರ ತಂದುಕೊಡುತ್ತಾರೆ ಎಂದು ಅವಳಿಗೆ ಮಾತು ಕೊಟ್ಟಾಗಿದೆ. ಅಂಚೆಯಲ್ಲಿ ಕಳಿಸಬೇಡಿ.