ನಿನ್ನ ಗಡಿಯಾರದ ಪ್ರಕಾರ

ಮನೆಯಿಂದ,
ಭಾನುವಾರ, ಮಾರ್ಚ್ ೯, ಸಂಜೆ

ಪ್ರೀತಿಯ ಯಜಮಾನತಿಗೆ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೆ? ನೀನು ನೋಡಿಕೊಳ್ಳುವ ಅಜ್ಜಿಯ ಕಾಲಿಗೆ ದಿನಕ್ಕೆರಡು ಸಲ ಎಣ್ಣೆ ತಿಕ್ಕುತ್ತೀಯಲ್ಲ, ಅದೇ ಕೈಯಲ್ಲಿ ನಿನ್ನ ಮಂಡಿಗೂ ಒಂದಿಷ್ಟು ಸವರಿಕೊ. ನಾನು ಚೆನ್ನಾಗಿದ್ದೇನೆ. ಪರೀಕ್ಷೆ ಏನಾಯಿತೆಂದು ಕಾದಿರುತ್ತೀಯ, ಗೊತ್ತು. ಗುರುವಾರದಿಂದ ನೀನು ಮೂರು ಸಲ ಫೋನ್ ಮಾಡಿದೆ, ಮೂರು ಸಲವೂ ನಾನು ಗಿರಾಕಿ ಇದ್ದಾರೆಂದು ಇಟ್ಟುಬಿಟ್ಟೆ. ಯಾವ ಗಿರಾಕಿಯೂ ಇರಲಿಲ್ಲ. ಕಾಗದದ ಮುಂದೆ ನನಗೆ ಧೈರ್ಯ ಜಾಸ್ತಿ. ಯಾವ ಪುಸ್ತಕವನ್ನಾದರೂ ಕೊನೆಯ ಪುಟದಿಂದ ಓದುವ ಚಾಳಿ ನಿನ್ನದು. ಇದನ್ನಾದರೂ ಮೊದಲಿನಿಂದ ಓದು.

ಈಗ ಇಲ್ಲಿ ಆರು, ಅಲ್ಲಿ ನಾಲ್ಕೂವರೆ. ಅಜ್ಜಿಗೆ ಟೀ ಕೊಡುವ ಹೊತ್ತು. ನೀನು ಹೋದ ದಿನ ನನ್ನ ಕೈಗಡಿಯಾರವನ್ನು ನೀನಿರುವ ದೇಶದ ಹೊತ್ತಿಗೆ ತಿರುಗಿಸಿದ್ದು ಹಾಗೆಯೇ ಇದೆ. ನಾಲ್ಕು ವರ್ಷವಾಯಿತು. ಅಂಗಡಿಯಲ್ಲಿ ಯಾರಾದರೂ ಹೊತ್ತು ಕೇಳಿದರೆ ಒಂದೂವರೆ ಗಂಟೆ ಕೂಡಿಸಿ ಹೇಳುತ್ತೇನೆ. ಗಡಿಯಾರ ರಿಪೇರಿಯವನು ಇಷ್ಟು ಯೋಚಿಸುವುದನ್ನು ನೋಡಿ ಒಬ್ಬಿಬ್ಬರು ಬಾಗಿಲಿನಿಂದಲೇ ವಾಪಸ್ ಹೋಗಿದ್ದಾರೆ.

ಇಂಗ್ಲಿಷ್ ಪಾಸಾದರೆ ಗಂಡನಿಗೂ ಅಲ್ಲಿಗೆ ಬರಲು ಪರವಾನಗಿ ಸಿಗುತ್ತದೆ ಎಂದು ನೀನು ಬರೆದಾಗಿನಿಂದ ಔಷಧಿ ಅಂಗಡಿಯ ಮೇಲಿನ ಕೋಣೆಯ ತರಗತಿಯಲ್ಲಿ ಐವತ್ತೆರಡರ ನಾನು ಮೊದಲ ಬೆಂಚಿನವನು. ಕಳೆದ ತಿಂಗಳು ಪೂರ್ತಿ ಇಲ್ಲದ್ದನ್ನು ಇದ್ದಂತೆ ಹೇಳುವ ಪಾಠ. ಮಾತು ಇವತ್ತಿನದೇ ಆದರೂ, ಅದು ನಿಜವಲ್ಲವಾದರೆ ಇಂಗ್ಲಿಷಿನವರು ಕ್ರಿಯಾಪದವನ್ನು ನಿನ್ನೆಗೆ ತಳ್ಳುತ್ತಾರಂತೆ. ‘ಇಫ್ ಐ ವರ್ ಎ ಬರ್ಡ್’ ಎಂದು ಒಬ್ಬ ಬರೆದ, ಇನ್ನೊಬ್ಬ ರಾಜನಾದ. ನಾನು ‘ಇಫ್ ಮೈ ವೈಫ್ ವರ್ ಹಿಯರ್’ ಎಂದು ಶುರುಮಾಡಿ ಪುಟ ತುಂಬಿಸಿದೆ. ನೀನು ಇಲ್ಲಿದ್ದಿದ್ದರೆ ಟೀಗೆ ಸಕ್ಕರೆ ಕಡಿಮೆ ಹಾಕುತ್ತಿದ್ದೆ. ಅಂಗಿಯ ಗುಂಡಿ ಬಿದ್ದ ದಿನವೇ ನಾನು ಹಾಕಿಸಿಕೊಳ್ಳುತ್ತಿದ್ದೆ. ಅನ್ನ ಸೀದಿದ್ದಕ್ಕೆ ಬೈಯಲು ಒಬ್ಬರಿರುತ್ತಿದ್ದರು. ಟೀಚರಮ್ಮ, ನಮ್ಮ ಮಗಳ ವಯಸ್ಸಿನವಳು, ಓದಿ ನಕ್ಕು, “ಅಂಕಲ್, ಎಲ್ಲಾ ಅಡುಗೆಮನೆ ವಾಕ್ಯಗಳೇ! ಆಗೋಕೇ ಸಾಧ್ಯ ಇಲ್ಲದ್ದು ಬರೀರಿ” ಎಂದಳು. ಪಾಪದ ಹುಡುಗಿ, ಅವಳಿಗೇನು ಗೊತ್ತು.

ಆಮೇಲೆ ಕಳೆದುಹೋದದ್ದರ ಪಾಠ ಬಂತು. ಅದಕ್ಕೆ ಇನ್ನೂ ಒಂದು ಮೆಟ್ಟಿಲು ಹಿಂದಕ್ಕೆ ಇಳಿಯಬೇಕು. ‘ಇಫ್ ಐ ಹ್ಯಾಡ್ ಸ್ಟಾಪ್ಡ್ ಹರ್’ ಎಂದು ಬರೆದು ಪೆನ್ನು ಕೆಳಗಿಟ್ಟೆ. ಅವತ್ತು ಬಸ್ಸಿನ ಕಿಟಕಿಯಲ್ಲಿ ನೀನು ಎರಡು ಸಲ ತಿರುಗಿ ನೋಡಿದೆ. ನಾನು “ಚಪಾತಿ ತಣ್ಣಗಾಗೋ ಮುಂಚೆ ತಿನ್ನು” ಎಂದೆ. ಎಂಥ ಮಾತು! ತಡೆದಿದ್ದರೆ ಇಳಿದುಬಿಡುತ್ತಿದ್ದೆಯಾ? ಉಳಿದರ್ಧ ವಾಕ್ಯ ಇನ್ನೂ ಖಾಲಿ ಇದೆ. ನಿನ್ನನ್ನು ನೋಡಬೇಕು ಅನ್ನಿಸುತ್ತದೆ ಕಣೇ, ಹಸಿವಾದಂತೆ ಅನ್ನಿಸುತ್ತದೆ.

ಮಗಳು, ಅಳಿಯ ಸುಖವಾಗಿದ್ದಾರೆ. ಅಜ್ಜಿಗೆ ನನ್ನ ನಮಸ್ಕಾರ ಹೇಳು. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದುಕೊ.

ಇಂತಿ ನಿನ್ನ
ಗಡಿಯಾರದವನು

ಇನ್ನೊಂದು ಮಾತು, ಅಂಚೆ ಪೆಟ್ಟಿಗೆಗೆ ಹಾಕುವ ಮುಂಚೆ: ನಾನು ಪರೀಕ್ಷೆ ಬರೆಯಲಿಲ್ಲ. ಗುರುವಾರ ಬೆಳಿಗ್ಗೆ ಹತ್ತು ಗಂಟೆಗಿತ್ತು. ಅಂಗಡಿಯಲ್ಲಿ ಕೂತು ಅವೇ ವಾಕ್ಯಗಳನ್ನು ತಿದ್ದುತ್ತಿದ್ದೆ. ಗೋಡೆಯ ಮೇಲಿನವೆಲ್ಲ ರಿಪೇರಿಗೆ ಬಂದವು, ಅವನ್ನು ಯಾರು ನಂಬುತ್ತಾರೆ? ಕೈಗಡಿಯಾರ ನೋಡಿಕೊಂಡೆ, ಗಾಬರಿಯಲ್ಲಿ ಒಂದೂವರೆ ಕೂಡಿಸುವುದನ್ನೇ ಮರೆತೆ. ಇಪ್ಪತ್ತು ನಿಮಿಷ ಮುಂಚೆ ಬಂದೆನೆಂದು ಹೆಮ್ಮೆಯಿಂದ ಹೋದರೆ ಬಾಗಿಲು ಹಾಕಿತ್ತು. ಗೇಟಿನವನು, “ಏನ್ ಸಾರ್, ಆ ವಾಚನ್ನ ರಿಪೇರಿಗೆ ಕೊಡಬಾರದಾ?” ಎಂದ. ಮುಂದಿನ ಪರೀಕ್ಷೆಗೆ ಆರು ತಿಂಗಳಿದೆ. ಬರೆಯುತ್ತೇನೆ, ಪಾಸೂ ಆಗುತ್ತೇನೆ. ಆದರೆ ಅಲ್ಲಿಯವರೆಗೆ ಕಾಯುವುದು ನನ್ನ ಕೈಲಾಗದು. ನಿನಗೆ ಕಷ್ಟವಾದೀತೆಂದು ಈ ನಾಲ್ಕು ವರ್ಷದಲ್ಲಿ ಒಮ್ಮೆಯೂ ಬಾ ಅಂದವನಲ್ಲ. ಈಗ ಅನ್ನುತ್ತಿದ್ದೇನೆ. ಅಜ್ಜಿಯ ಮನೆಯವರನ್ನು ಕೇಳಿ ಹತ್ತು ದಿನ ರಜೆ ಹಾಕಿ ಬಾ. ಕೈಗಡಿಯಾರವನ್ನು ಇಲ್ಲಿಯ ಹೊತ್ತಿಗೆ ತಿರುಗಿಸಿಲ್ಲ. ಬಂದ ದಿನ ನೀನೇ ತಿರುಗಿಸು.