ಲಿಸ್ಟಿನಲ್ಲಿದ್ದ ಹೆಸರು

ಅಪ್ಪನಿಗೆ ದಾನೇಶ್ವರಿಯ ಶರಣು.

ಎದುರಿಗೆ ಹೇಳಲಾಗದೆ ಈ ಚೀಟಿಯನ್ನು ನಿನ್ನ ಊಟದ ಡಬ್ಬಿಯಲ್ಲಿ ಇಟ್ಟಿದ್ದೇನೆ. ಕಳಂಬೋಲಿಯಲ್ಲಿ ಲಾರಿ ಖಾಲಿ ಮಾಡಿ, ಊಟ ಮುಗಿಸಿ ಓದು.

"ನಮ್ಮ ದಾನಿಗಿ ಮುಂಬೈ ಕಾಲೇಜಿನ್ಯಾಗ ಸೀಟ್ ಸಿಗಲಿಲ್ಲ" ಎಂದು ಆರು ವರ್ಷದಿಂದ ಎಲ್ಲರಿಗೂ ಹೇಳುತ್ತೀಯ. ಸಿಕ್ಕಿತ್ತು ಅಪ್ಪಾ. ನಿನ್ನ ಮಗ, ನಮ್ಮ ಸುನಿಲಣ್ಣ ಇಲ್ಲೇ ದಿವಾ ಸ್ಟೇಷನ್ನಿನಲ್ಲಿ ಲೋಕಲ್ ರೈಲಿನಿಂದ ಬಿದ್ದು ತೀರಿಕೊಂಡ ವರ್ಷ ಅದು. ನಾನು ಕಿರಾಣಿ ಅಂಗಡಿಗೆ ಹೋದರೂ ಬರುವವರೆಗೆ ನೀನು ಬಾಗಿಲಲ್ಲೇ ನಿಂತಿರುತ್ತಿದ್ದೆ. ಮುಂಬೈ ಕಾಲೇಜಿಗಾದರೆ ದಿನಾ ಅದೇ ಲೋಕಲ್ ಹತ್ತಬೇಕಿತ್ತು. ಅದಕ್ಕೇ ಲಿಸ್ಟಿನಲ್ಲಿ ಹೆಸರಿಲ್ಲ ಎಂದು ಸುಳ್ಳು ಹೇಳಿ, ನಡೆದು ಹೋಗುವಷ್ಟು ಹತ್ತಿರದ ಕಾಲೇಜಿಗೆ ಸೇರಿದೆ.

ಈಗ ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಶಿವಾನಿ ಆ ಮುಂಬೈ ಕಾಲೇಜಿನವಳು. ಅವಳಿಗೆ ಕೆಲಸ ಕಲಿಸಿದವಳು ನಾನು. ಅವಳ ಪಗಾರ ನನ್ನದರ ಎರಡರಷ್ಟು. ಇರಲಿ.

ನಿನ್ನೆ ತಂಗಿ ಮಲ್ಲಿಕಾ ತನಗೂ ಸೀಟ್ ಸಿಗಲಿಲ್ಲ ಎಂದಾಗ ನೀನು "ಹೋಗ್ಲಿ ಬಿಡವ್ವಾ" ಎಂದು ಅವಳ ತಲೆ ಸವರಿದೆ. ಆಮೇಲೆ ನಾನು ಅವಳ ಮೊಬೈಲ್‌ನಲ್ಲಿ ಲಿಸ್ಟ್ ನೋಡಿದೆ. ಹೆಸರಿದೆ.

ನಾಳೆ ಅಡ್ಮಿಶನ್‌ಗೆ ಕಡೆಯ ದಿನ, ರಜೆ ಹಾಕು. ದಿವಾದ ನೂಕುನುಗ್ಗಲಿನಲ್ಲಿ ಮುಂಬೈ ಗಾಡಿ ಹತ್ತುವುದು ಬೇಡ. ಉಲ್ಟಾ ದಿಕ್ಕಿನಲ್ಲಿ ಡೊಂಬಿವಲಿಗೆ ಹೋಗಿ, ಅಲ್ಲಿಂದ ಖಾಲಿ ಹೊರಡುವ ಗಾಡಿಯಲ್ಲಿ ಮೂವರೂ ಕೂತು ಹೋಗೋಣ.

ಅಳುವುದಿದ್ದರೆ ಕಳಂಬೋಲಿಯಲ್ಲೇ ಅತ್ತು ಬಾ. ನಿನ್ನ ಕಣ್ಣು ನೋಡಿದರೆ ಅವಳೂ ಹೋಗುವುದಿಲ್ಲ.

ನಿನ್ನ
ದಾನಿ